ಶೇವಿಂಗ್: ಖರ್ಚೆಷ್ಟು, ಅನುಕೂಲವೆಷ್ಟು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ಮಹಿಳಾ ವೇದಿಕೆಯಲ್ಲಿ ಗಡ್ಡದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಸಾಮಾನಿನ ಪಟ್ಟಿಯಲ್ಲಿ ಬ್ಲೇಡು ಬರೆಯುವವರು ನಾವೇ. ಮನೆಯ ಹಿರಿಯರು ಹಾಸಿಗೆ ಹಿಡಿದರೆ ಅವರ ಗಡ್ಡ ತೆಗೆಯುವ ಕೆಲಸವೂ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ.

ಮೊದಲು ದುಡ್ಡಿನ ಲೆಕ್ಕ. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ಶೇವ್. ಕೊಚ್ಚಿಯ ನಮ್ಮ ಬೀದಿಯ ಸಲೂನಿನಲ್ಲಿ ಒಂದಕ್ಕೆ 80 ರೂಪಾಯಿಯಂತೆ 8,320 ರೂಪಾಯಿ. 150 ರೂಪಾಯಿಯ ಒಂದು ಕಾರ್ಟ್ರಿಡ್ಜ್ ಹತ್ತು ಸಲಕ್ಕೆ ಬಂದರೆ ಸುಮಾರು 1,600. 1,500 ರೂಪಾಯಿಯ ಟ್ರಿಮ್ಮರ್ ಮೂರು ವರ್ಷ ಬಾಳಿದರೆ ವರ್ಷಕ್ಕೆ 500. ನಮ್ಮ ಅಪ್ಪಂದಿರ ಕಾಲದ ಸ್ಟೀಲ್ ಸೇಫ್ಟಿ ರೇಜರ್ ಮನೆಯಲ್ಲಿದ್ದರೆ, 3 ರೂಪಾಯಿಯ ಬ್ಲೇಡು ನಾಲ್ಕು ಸಲಕ್ಕೆ ಬಂದರೂ ವರ್ಷಕ್ಕೆ 78 ರೂಪಾಯಿ ಸಾಕು!

ಹಾಗಾದರೆ ಎಲ್ಲರೂ ಅದನ್ನೇ ಬಳಸಬೇಕೇ? ಇಲ್ಲ. ಅದಕ್ಕೆ ಸ್ಥಿರವಾದ ಕೈ ಬೇಕು. ಕೈ ನಡುಗುವವರಿಗೆ ಅದು ಬೇಡ.

ಹಾಸಿಗೆಯ ಪಕ್ಕದಲ್ಲಿ ನಲ್ಲಿ ಇರುವುದಿಲ್ಲ, ಒಂದು ಮಗ್ ನೀರು ಇರುತ್ತದೆ. ಜಿಲೆಟ್ ಕಂಪನಿ ಒಂದು ರೇಜರನ್ನು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿತ್ತು. ಅವರು ಮೆಚ್ಚಿದರು. ಆದರೆ ಭಾರತದಲ್ಲಿ ಮಗ್ ನೀರಿನಲ್ಲಿ ಶೇವ್ ಮಾಡುವವರ ಕೈಯಲ್ಲಿ ಅದರೊಳಗೆ ಕೂದಲು ಸಿಕ್ಕಿಕೊಂಡಿತು. ಆಮೇಲೆ 2010ರಲ್ಲಿ ಸುಲಭವಾಗಿ ತೊಳೆಯುವಂಥ ಒಂಟಿ ಬ್ಲೇಡಿನ ಗಾರ್ಡ್ ರೇಜರ್ 15 ರೂಪಾಯಿಗೆ ಬಂತು. ಆರೈಕೆ ಮಾಡುವವರು ನೆನಪಿಡಬೇಕಾದ ಪಾಠ ಇದು: ಬ್ಲೇಡು ಹೆಚ್ಚಿದ್ದರೆ ಒಳ್ಳೆಯದೆಂದೇನಲ್ಲ, ತೊಳೆಯಲು ಸುಲಭವಾಗಿರಬೇಕು.

ಇನ್ನು ಔಷಧಿಯ ವಿಷಯ. ನಮ್ಮ ಮಾವನವರಿಗೆ ತಿರುವನಂತಪುರದಲ್ಲಿ ಹೃದಯದ ಕವಾಟ ಬದಲಾಯಿಸಿದ್ದಾರೆ. ಅಲ್ಲಿನ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಕವಾಟವನ್ನು ಮೊದಲು ರೋಗಿಗೆ ಅಳವಡಿಸಿದ್ದು 1990ರಲ್ಲಿ. ಇಂಥ ಯಾಂತ್ರಿಕ ಕವಾಟ ಇರುವವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳಬೇಕು. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಆದ್ದರಿಂದ ಅವರಿಗೆ ಎಲೆಕ್ಟ್ರಿಕ್ ಶೇವರ್ ಅಥವಾ ಟ್ರಿಮ್ಮರ್ ಒಳ್ಳೆಯದು. ಕೀಮೋಥೆರಪಿಯಿಂದ ಪ್ಲೇಟ್‌ಲೆಟ್ ಕಡಿಮೆಯಾದವರಿಗೂ ಇದೇ ಮಾತು. "ನುಣ್ಣಗಾಗಲಿಲ್ಲ ಕಣಮ್ಮಾ" ಎಂದು ಮಾವನವರು ಕೆನ್ನೆ ಸವರಿಕೊಂಡು ಗೊಣಗುತ್ತಾರೆ. ಗೊಣಗಲಿ ಬಿಡಿ, ರಕ್ತ ಬರುವುದಿಲ್ಲವಲ್ಲ!

ಸಲೂನು ದುಬಾರಿ ಎಂದೆ. ಆದರೆ ಆ 80 ರೂಪಾಯಿಯಲ್ಲಿ ಹೊರಗಿನ ಗಾಳಿ, ನಾಲ್ಕು ಜನರ ಮಾತು ಸೇರಿದೆ. ನಡೆದು ಹೋಗಬಲ್ಲ ಹಿರಿಯರಿಗೆ ಅದನ್ನು ತಪ್ಪಿಸಬೇಡಿ. ಕಣ್ಣೆದುರಿಗೇ ಹೊಸ ಬ್ಲೇಡು ಹಾಕಿಸಿಕೊಳ್ಳಲಿ, ಅಷ್ಟೇ. ಮನೆಯಲ್ಲೂ ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಬಾರದು. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುತ್ತದೆ.

ಕೊನೆಗೆ ನಮ್ಮ ಹೆಣ್ಣುಮಕ್ಕಳ ಮಾತು. ಶೇವ್ ಮಾಡಿದರೆ ಕೂದಲು ದಪ್ಪಗೆ ಬೆಳೆಯುತ್ತದೆ ಎಂದು ಅವರನ್ನು ಹೆದರಿಸುತ್ತೇವೆ. ಹಾಗಾಗುವುದಿಲ್ಲ ಎಂದು 1928ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೇ. ತೆಗೆಯುವುದೋ ಬಿಡುವುದೋ ಅವರಿಷ್ಟ. ಮುಖದ ಮೇಲೆ ಇದ್ದಕ್ಕಿದ್ದಂತೆ ಕೂದಲು ಹೆಚ್ಚಾದರೆ ಮಾತ್ರ ಬ್ಲೇಡಿಗಿಂತ ಮೊದಲು ಡಾಕ್ಟರನ್ನು ಕಾಣಿ.

ಬೆಲೆ ನೋಡುವ ಮೊದಲು ಯಾರ ಚರ್ಮ, ಯಾರ ಕೈ ಎಂದು ನೋಡಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.