ಬಾಕಿ ಅರ್ಜಿಗಳ ವಹಿ ಮತ್ತು ಹದಿನೈದನೆಯ ದಿನ
(ಚಂದಾಪುರದಲ್ಲಿ ಗ್ರಾಮ ಪಂಚಾಯಿತಿ ಸಿಬ್ಬಂದಿಗೆ ನೀಡಿದ ಉಪನ್ಯಾಸದ ಪಠ್ಯ)



ಊರಲ್ಲಿ ಕೆಲಸ ದೊರೆಯದಾಗ ಚಿಂಚೋಳಿ ತಾಲ್ಲೂಕಿನ ತಾಂಡಾಗಳ ಕೂಲಿಕಾರರು ಹೈದರಾಬಾದಿಗೋ ಮುಂಬಯಿಗೋ ಗುಳೆ ಹೊರಡುತ್ತಾರೆ. ನಮೂನೆ 6ರ ಅರ್ಜಿ ಮೇಜಿನ ಮೇಲಿರುವಾಗಲೇ ಅರ್ಜಿದಾರರ ಮನೆಗೆ ಬೀಗ ಬಿದ್ದಿರುತ್ತದೆ.

2005ರ ಉದ್ಯೋಗ ಖಾತರಿ ಅಧಿನಿಯಮದಲ್ಲಿ ಅರ್ಜಿಗೆ ದಿನಾಂಕ ನಮೂದಿಸಿದ ಸ್ವೀಕೃತಿ ಕೊಡತಕ್ಕದ್ದೆಂದಿತ್ತು. 15 ದಿನಗಳೊಳಗೆ ಕೆಲಸ ಒದಗಿಸದಿದ್ದಲ್ಲಿ ನಿರುದ್ಯೋಗ ಭತ್ಯೆ ಸಲ್ಲಬೇಕಿತ್ತು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಎನ್‌ಎಂಆರ್ ಮುಗಿದು 16ನೇ ದಿನ ಕಳೆದರೂ ಪಾವತಿಯಾಗದ ಕೂಲಿಗೆ ದಿನಕ್ಕೆ ಶೇ. 0.05ರಷ್ಟು ಪರಿಹಾರವಿತ್ತು. ಸ್ವೀಕೃತಿ ಕೊಡದಿದ್ದರೆ ಬಾಕಿ ಪಟ್ಟಿ ಚಿಕ್ಕದಾಗಿ ಕಾಣುವುದು ನಿಜ. ಆ ಅನುಕೂಲ ಕಚೇರಿಯದು, ನಷ್ಟ ಕೂಲಿಕಾರರದು.

ವಹಿಯಲ್ಲಿ ಅರ್ಜಿ ಬಂದ ದಿನಾಂಕದ ಪಕ್ಕದಲ್ಲಿಯೇ 15ನೇ ದಿನದ ದಿನಾಂಕವನ್ನೂ ಬರೆದಿಡುವುದು ಲೇಸು. ಪ್ರತಿ ಸೋಮವಾರ ವಹಿಯನ್ನು ಆ ಎರಡನೆಯ ದಿನಾಂಕದ ಕ್ರಮದಲ್ಲಿ ಓದಬೇಕು. ‘ಪರಿಶೀಲನೆಯಲ್ಲಿದೆ’ ಎಂಬ ಷರಾದಿಂದ ಕಡತ ಯಾರ ಬಳಿ, ಏತಕ್ಕಾಗಿ ನಿಂತಿದೆಯೆಂದು ತಿಳಿಯದು. ತಾಂತ್ರಿಕ ಸಹಾಯಕರ ಅಳತೆ ಬಾಕಿಯಿದ್ದರೆ ಹಾಗೆಂದೇ, ಅವರಿಗೆ ತಿಳಿಸಿದ ದಿನಾಂಕದೊಡನೆ, ಬರೆಯತಕ್ಕದ್ದು. ತಂತ್ರಾಂಶದಲ್ಲಿ ನಮೂದಾಗಿದೆಯೆಂಬುದು ಅನುಸರಣೆಯಾಗದು.

ಗುಳೆ ಹೋದವರ ಅರ್ಜಿಯನ್ನು ‘ಗೈರುಹಾಜರು’ ಎಂದು ಮುಕ್ತಾಯಗೊಳಿಸುವ ಮುನ್ನ, ಅವರು ಹೊರಟದ್ದು 15ನೇ ದಿನಕ್ಕೆ ಮೊದಲೋ ಆಮೇಲೋ ಎಂಬುದನ್ನು ವಿಚಾರಿಸಿ ವಹಿಯಲ್ಲಿ ದಾಖಲಿಸಬೇಕು.