ಕೊಡದ ಓಲೆ, ಕೊಡದ ಲೆಕ್ಕ

ಉತ್ತರಮೇರೂರಿನ ಹೆಸರು ಕೇಳಿದೊಡನೆ ಶಾಲೆಯಲ್ಲಿ ಚರಿತ್ರೆ ಓದಿದವರಿಗೆಲ್ಲ ನೆನಪಾಗುವುದು ಒಂದು ಕೊಡ, ಅದರೊಳಗೆ ಹಾಕಿದ ಹೆಸರಿನ ಓಲೆಗಳು ಮತ್ತು ಆ ಓಲೆಯನ್ನು ಎತ್ತಿಕೊಡುವ ಹುಡುಗ. ಕಾಂಚೀಪುರಂ ಜಿಲ್ಲೆಯ ಈ ಊರಿನ ವೈಕುಂಠ ಪೆರುಮಾಳ್ ದೇವಾಲಯದಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ.ಶ. 919 ಮತ್ತು 921ರ ಸುಮಾರಿನ ಈ ಶಾಸನಗಳು ಒಂದು ಬ್ರಾಹ್ಮಣ ಗ್ರಾಮದ ಮಹಾಸಭೆಯು ತನ್ನ ವಾರಿಯಂಗಳಿಗೆ, ಎಂದರೆ ಕಾರ್ಯಸಮಿತಿಗಳಿಗೆ, ಸದಸ್ಯರನ್ನು ಆರಿಸುವ ಕ್ರಮವನ್ನು ವಿವರಿಸುತ್ತವೆ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಸ್ವಯಮಾಡಳಿತ ಈ ನೆಲಕ್ಕೆ ಹೊಸದಲ್ಲವೆಂದು ತೋರಿಸಬೇಕಾಗಿದ್ದ ವಿದ್ವಾಂಸರಿಗೆ ಈ ಕೊಡ ಬಹಳ ಒದಗಿಬಂತು. ಅಂದಿನಿಂದ ಅದನ್ನು ಮತಪೆಟ್ಟಿಗೆಯ ಪೂರ್ವಜನೆಂದು ಕೊಂಡಾಡುವುದು ವಾಡಿಕೆಯಾಗಿದೆ. ಕೊಡವು ಆ ವ್ಯವಸ್ಥೆಯ ಕೊನೆಯ ಹಂತ ಮಾತ್ರ, ಅದಕ್ಕೂ ಮೊದಲು ನಿಲ್ಲುವ ಎರಡು ನಿಬಂಧನೆಗಳೇ, ಒಂದು ಕಂದಾಯದ ನೆಲ, ಇನ್ನೊಂದು ಒಪ್ಪಿಸಿದ ಲೆಕ್ಕ, ಅದರ ಜೀವಾಳ ಎಂಬುದು ಈ ಉಪನ್ಯಾಸದ ವಾದ.

ಮೊದಲನೆಯ ನಿಬಂಧನೆ ನೆಲಕ್ಕೆ ಸಂಬಂಧಿಸಿದುದು. ಕಂದಾಯ ಸಲ್ಲುವ ಭೂಮಿ ಕಾಲು ವೇಲಿಗಿಂತ ಹೆಚ್ಚಿರಬೇಕು, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ವಾಸವಿರಬೇಕು, ವಯಸ್ಸು 35ಕ್ಕೂ 70ಕ್ಕೂ ನಡುವೆ ಇರಬೇಕು, ವೇದಜ್ಞಾನವಿರಬೇಕು, ಕಳೆದ ಮೂರು ವರ್ಷ ಯಾವ ಸಮಿತಿಯಲ್ಲೂ ಇದ್ದಿರಬಾರದು ಎಂದು ಎರಡನೆಯ ಶಾಸನ ವಿಧಿಸುತ್ತದೆ. ವೇಲಿ ಎಂಬುದು ತಮಿಳುನಾಡಿನ ಹಳೆಯ ಭೂಮಾನ. ಈಗಿನ ರೂಢಿಯ ಲೆಕ್ಕದಲ್ಲಿ ಅದು ಸುಮಾರು ಆರೂವರೆ ಎಕರೆಯಾದ್ದರಿಂದ ಕಾಲು ವೇಲಿಯೆಂದರೆ ಒಂದೂವರೆ ಎಕರೆಗೆ ತುಸು ಹೆಚ್ಚು. ವಿದ್ಯೆ ಹೆಚ್ಚಿದ್ದವನಿಗೆ ಅರೆಕಾಲು ವೇಲಿ ಸಾಕೆಂಬ ರಿಯಾಯಿತಿ ಇದ್ದರೂ ನೆಲವೇ ಇಲ್ಲದವನಿಗೆ ರಿಯಾಯಿತಿ ಇಲ್ಲ. ಹೆಂಗಸರ, ಕುಲಕಸುಬಿನವರ, ಹೊಲದಲ್ಲಿ ದುಡಿಯುವವರ ಹೆಸರು ಓಲೆಗೆ ಏರುವ ಮಾತೇ ಇರಲಿಲ್ಲ. ಇದನ್ನು ಪ್ರಜಾಪ್ರಭುತ್ವವೆಂದು ಕರೆಯುವುದಕ್ಕಿಂತ ಕಂದಾಯ ತೆರುವ ಭೂಮಾಲೀಕರ ಕೂಟವೆಂದು ಕರೆಯುವುದೇ ಪ್ರಾಮಾಣಿಕವಾದೀತು. ಆ ಕೂಟಕ್ಕೆ ತೆರಿಗೆಯೂ ಆಸ್ತಿಯೂ ಬೇರೆ ಬೇರೆ ವಿಷಯಗಳಾಗಿರಲಿಲ್ಲ ಎಂಬುದಕ್ಕೆ ಉಕ್ಕಲ್ ಗ್ರಾಮದಲ್ಲಿರುವ ಒಂದನೆಯ ರಾಜರಾಜನ ಶಾಸನ ಸಾಕ್ಷಿ. ಎರಡು ವರ್ಷ ಕಂದಾಯ ಬಾಕಿ ಉಳಿಸಿಕೊಂಡವರ ಭೂಮಿಯನ್ನು ಮಾರುವ ಅಧಿಕಾರವನ್ನು ಅದು ಊರಿನವರ ಕೈಗೇ ಕೊಡುತ್ತದೆ.

ಎರಡನೆಯ ನಿಬಂಧನೆ ಇದಕ್ಕಿಂತ ಕಠಿಣವಾದುದು, ಆದರೆ ಚರ್ಚೆಗೆ ಬಂದುದು ಕಡಿಮೆ. ಸಮಿತಿಯಲ್ಲಿ ಇದ್ದು ಲೆಕ್ಕ ಒಪ್ಪಿಸದೆ ಹೋದವನ ಹೆಸರನ್ನು ಮತ್ತೆ ಕೊಡಕ್ಕೆ ಹಾಕುವಂತಿಲ್ಲ. ಅವನಷ್ಟೇ ಅಲ್ಲ, ಅವನ ತಂದೆ, ಮಗ, ಸಹೋದರ, ಮಾವ, ಅಳಿಯ, ಹೆಂಡತಿಯ ಸಹೋದರ, ಸಹೋದರಿಯ ಗಂಡ, ಸಹೋದರಿಯ ಮಗ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವ ಹೀಗೆ ನೆಂಟಸ್ತಿಕೆಯ ಎಲ್ಲ ಎಳೆಗಳನ್ನೂ ಶಾಸನ ಒಂದೊಂದಾಗಿ ಹೆಸರಿಸಿ ಹೊರಗಿಡುತ್ತದೆ. ಪರರ ಸ್ವತ್ತು ಕದ್ದವರು, ಕೂಟಲೇಖ ಬರೆದವರು, ಶಿಕ್ಷೆಯಾಗಿ ಕತ್ತೆಯೇರಿದವರು ಇವರೆಲ್ಲರೂ ಪಟ್ಟಿಯಲ್ಲಿದ್ದಾರೆ, ಆದರೆ ನೆಂಟರ ಇಷ್ಟು ದೀರ್ಘವಾದ ವಿವರ ಬರುವುದು ಲೆಕ್ಕಗಳ್ಳನ ಸಂದರ್ಭದಲ್ಲಿ. ಮದುವೆ ಮಾತುಕತೆಗೆ ಕುಳಿತ ಹಿರಿಯರೂ ಇಷ್ಟು ಕೂಲಂಕಷವಾಗಿ ಸಂಬಂಧ ಹುಡುಕಲಾರರು. ಒಬ್ಬನು ಲೆಕ್ಕ ಕೊಡದಿದ್ದರೆ ಅವನ ಜಾಗಕ್ಕೆ ಬಾವಮೈದುನ ಬಂದು ಕೂತು ಕಡತ ಮುಚ್ಚಿಹಾಕುತ್ತಾನೆ ಎಂಬ ಅನುಭವ ಆ ಸಭೆಗೆ ಚೆನ್ನಾಗಿಯೇ ಆಗಿರಬೇಕು; ಅನುಭವವಿಲ್ಲದೆ ಯಾರೂ ಇಂಥ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಮೊದಲ ಶಾಸನದಲ್ಲಿ 30ರಿಂದ 60 ಎಂದಿದ್ದ ವಯೋಮಿತಿ ಎರಡೇ ವರ್ಷದಲ್ಲಿ ಬದಲಾದುದನ್ನು ನೋಡಿದರೂ ನಿಯಮಗಳನ್ನು ಬಳಸಿ, ಸಾಲದೆಂದು ಕಂಡು, ತಿದ್ದಿಕೊಂಡವರು ಅವರೆಂದು ತಿಳಿಯುತ್ತದೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಕೊಡದ ಸರದಿ. ಮೂವತ್ತು ಕುಡುಂಬುಗಳಲ್ಲಿ, ಎಂದರೆ ವಾರ್ಡಿನಂಥ ವಿಭಾಗಗಳಲ್ಲಿ, ಅರ್ಹರಾದವರ ಹೆಸರುಗಳನ್ನು ಓಲೆಯಲ್ಲಿ ಬರೆದು, ಆಬಾಲವೃದ್ಧರೂ ಸೇರಿದ ಸಭೆಯ ಮುಂದೆ ಹಿರಿಯನೊಬ್ಬನು ಕೊಡವನ್ನು ಎತ್ತಿ ತೋರಿಸುತ್ತಾನೆ. ಒಳಗೇನಿದೆಯೆಂದು ಅರಿಯದ ಹುಡುಗನು ಓಲೆ ತೆಗೆಯುತ್ತಾನೆ. ಮಧ್ಯಸ್ಥನು ಐದೂ ಬೆರಳು ಬಿಡಿಸಿದ ಅಂಗೈಯಲ್ಲಿ ಅದನ್ನು ತೆಗೆದುಕೊಂಡು ಓದುತ್ತಾನೆ. ಹೀಗೆ ಬಂದವರಿಂದ ಹನ್ನೆರಡು ಮಂದಿಯ ವಾರ್ಷಿಕ ಸಮಿತಿ, ಹನ್ನೆರಡು ಮಂದಿಯ ತೋಟದ ಸಮಿತಿ, ಆರು ಮಂದಿಯ ಕೆರೆಯ ಸಮಿತಿಗಳು ರಚನೆಯಾಗಿ, ಅವಧಿ 360 ದಿನಗಳಿಗೆ ಮುಗಿಯುತ್ತದೆ. ನಡುವೆ ಅಪರಾಧ ಕಂಡುಬಂದವನನ್ನು ಆಗಲೇ ತೆಗೆದುಹಾಕಬಹುದು. ಇವರು ಇಳಿದ ಮೇಲೆ ಮುಂದಿನ ಆಯ್ಕೆಗೆ ಸಭೆ ಕರೆಯುವ ಹೊಣೆಯನ್ನು ಹನ್ನೆರಡು ಬೀದಿಗಳ ಧರ್ಮಕಾರ್ಯ ನೋಡುವ ಸಮಿತಿಗೆ ವಹಿಸಲಾಗಿದೆ. ಇದನ್ನು ನ್ಯಾಯವಿಚಾರಣೆಯ ಸಮಿತಿಯೆಂದು ಅರ್ಥೈಸಿದವರಿದ್ದಾರೆ. ಆ ಅರ್ಥವನ್ನು ಒಪ್ಪಿದರೆ, ನ್ಯಾಯ ನೋಡುವವನೂ ಕೆರೆ ನೋಡುವವನ ಸಾಲಿನಲ್ಲೇ ಊರಿಗೆ ಉತ್ತರ ಹೇಳಬೇಕಾದವನಾಗುತ್ತಾನೆ. ಅರಸನ ಅಧಿಕಾರಿಯೂ ಅಲ್ಲಿ ಕುಳಿತಿದ್ದನೆಂಬುದನ್ನು ಕೊಂಡಾಡುವವರು ಮರೆಯುತ್ತಾರೆ. ಅವನ ಸಮ್ಮುಖದಲ್ಲೇ ನಿಯಮ ಬರೆಯಲಾಯಿತೆಂದು ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಈ ಶಾಸನಗಳನ್ನು ಕೂಲಂಕಷವಾಗಿ ವಿವೇಚಿಸಿದ ಕೆ.ಎ. ನೀಲಕಂಠ ಶಾಸ್ತ್ರಿಗಳು 1950ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭಾರತಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದರಿಂದ ಕನ್ನಡ ನಾಡಿನ ಒಂದು ತಲೆಮಾರಿಗೆ ಉತ್ತರಮೇರೂರು ನೆರೆಯೂರಿನಷ್ಟೇ ಪರಿಚಿತವಾಯಿತು. ಧಾರವಾಡದಲ್ಲಿ ಜಿ.ಎಸ್. ದೀಕ್ಷಿತರು ಮಧ್ಯಯುಗೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತು 1964ರಲ್ಲಿ ಪುಸ್ತಕವನ್ನೇ ಪ್ರಕಟಿಸಿ ಬ್ರಾಹ್ಮಣರ ಸಭೆಯಾದ ಮಹಾಜನರು, ವರ್ತಕರ ಕೂಟವಾದ ನಗರ, ಊರ ಮುಖ್ಯಸ್ಥರಾದ ಗಾವುಂಡರು ಎಂಬ ಸಂಸ್ಥೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಆ ಕಾಲದ ಗುರುಗಳ ಕೈಕೆಳಗೆ ಕಲಿತವರಿಗೆ ಶಾಸನಪಾಠದ ಒಂದು ಕಟ್ಟುನಿಟ್ಟು ಗೊತ್ತಿದೆ: ಪ್ರಶಸ್ತಿಯ ಭಾಗವನ್ನು ಮೆಚ್ಚಿ ಅಲ್ಲೇ ನಿಲ್ಲಬಾರದು, ದಾನದ ವಿವರಕ್ಕೆ ಇಳಿಯಬೇಕು, ಅಲ್ಲಿಂದ ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಸಾಲಿಗೆ ಹೋಗಬೇಕು. ಬಿರುದುಗಳನ್ನು ಕಂಠಪಾಠ ಮಾಡಿ ಒಪ್ಪಿಸಿದ ವಿದ್ಯಾರ್ಥಿಗಿಂತ ಭೂಮಿಯ ಅಳತೆಯಾದ ಮತ್ತರು, ನಾಣ್ಯಗಳಾದ ಗದ್ಯಾಣ, ಪಣಗಳ ಲೆಕ್ಕ ಹಾಕಿದವನಿಗೆ ಆ ಗುರುಗಳಲ್ಲಿ ಹೆಚ್ಚು ಬೆಲೆ ಇತ್ತು. ಉತ್ತರಮೇರೂರಿನ ವಿಷಯದಲ್ಲಿ ಆ ಶಿಸ್ತನ್ನು ನಾಡು ಮರೆತದ್ದೇಕೆ ಎಂಬುದು ಆಶ್ಚರ್ಯದ ಸಂಗತಿ. ಬಹುಶಃ ಹುಡುಗನೊಬ್ಬ ಓಲೆ ಎತ್ತುವ ಚಿತ್ರ ಅಷ್ಟು ಚೆಲುವಾಗಿದೆ.

ಅದೇ ಶಿಸ್ತಿನಿಂದ ತಿರುಳ್ಗನ್ನಡದ, ಎಂದರೆ ಅಚ್ಚಗನ್ನಡದ, ನಾಡಿಗೆ ಬಂದರೆ ಪುಲಿಗೆರೆಯ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಒಂದು ಹಳಗನ್ನಡ ಶಾಸನ ಎದುರಾಗುತ್ತದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಊರಿನ ಹದಿನೆಂಟು ವರ್ಗದ ಜನರಿಗೂ, ಕೊಟ್ಟ ಆಚಾರವ್ಯವಸ್ಥೆ ಇದು. ಉತ್ತರಮೇರೂರಿಗಿಂತ ಸುಮಾರು ಇನ್ನೂರು ವರ್ಷ ಹಳೆಯದಾದ ಈ ಬರಹದಲ್ಲಿ ಕೊಡವೂ ಇಲ್ಲ, ಓಲೆಯೂ ಇಲ್ಲ; ಆದರೆ ಬಹುಕಾಲದಿಂದ ಅನುಭವಿಸಿಕೊಂಡು ಬಂದ ಸ್ವತ್ತಿನ ಅನುಭೋಗವನ್ನೂ ಯಾರೂ ವಾಸವಿಲ್ಲದ ಮನೆಗಳನ್ನೂ ರಾಜಪುರುಷರು ಕಾಯಬೇಕೆಂಬ ಆಸ್ತಿಯ ಭರವಸೆ ಇದೆ, ಮನೆಗಳನ್ನು ಅಂತಸ್ತಿಗೆ ತಕ್ಕಂತೆ ಮೇಲು, ನಡು, ಕೆಳಗು ಎಂದು ವಿಂಗಡಿಸಿ ವೈಶಾಖ ಮಾಸದಲ್ಲಿ ತೆರಬೇಕಾದ ಪಣಗಳನ್ನು ಗೊತ್ತುಮಾಡಿದ ತೆರಿಗೆ ಇದೆ, ಕಳವು ಮತ್ತು ದಶಾಪರಾಧಗಳಿಗೆ ವಿಧಿಸಿದ ದಂಡವೂ ಮಕ್ಕಳಿಲ್ಲದೆ ಸತ್ತವರ ಸ್ವತ್ತೂ ಕಾರ್ತಿಕದಲ್ಲಿ ಶ್ರೇಣಿಗೆ, ಎಂದರೆ ವೃತ್ತಿಸಂಘಕ್ಕೆ, ಸಲ್ಲಬೇಕೆಂಬ ಮಾತಿದೆ. ದಂಡದ ಹಣ ಯಾರ ಕೈ ಸೇರುತ್ತದೆಯೋ ವಿಚಾರಣೆಯಲ್ಲಿ ಅವರ ಮಾತು ನಡೆದಿರಬೇಕೆಂದು ಊಹಿಸುವುದು ಅತಿಯಾಗದು. ಉತ್ತರಮೇರೂರಿನದು ಕೆಲವೇ ಜನರಿಗೆ ತೆರೆದ, ಆದರೆ ಬಿಗಿಯಾದ ಕಾರ್ಯವಿಧಾನ. ಪುಲಿಗೆರೆಯದು ಹದಿನೆಂಟು ಪ್ರಕೃತಿಗಳನ್ನೂ ಒಳಗೊಂಡ, ಆದರೆ ಪ್ರತಿನಿಧಿಯನ್ನು ಆರಿಸುವ ಬಗೆ ಹೇಳದ ಒಡಂಬಡಿಕೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಈ ಉಪನ್ಯಾಸದ ಒಲವು ಪುಲಿಗೆರೆಯ ಕಡೆಗಿದೆ, ಲೆಕ್ಕದ ನಿಬಂಧನೆಯನ್ನು ಮಾತ್ರ ಉತ್ತರಮೇರೂರಿನಿಂದ ಎರವಲು ತರಬೇಕು.

ನೆಲ ಮತ್ತು ವ್ಯಾಪಾರ ಉಳ್ಳವನಿಗೇ ಮಾತಿನ ಹಕ್ಕು ಎಂಬ ತತ್ತ್ವ ಬಹಳ ಕಾಲ ಸಾಯಲಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದವರೂ ಭೂಮಾಲೀಕರು ಮತ್ತು ವರ್ತಕರೇ. ಹೊಸ ತೆರಿಗೆ ಹಾಕುವ ಮುನ್ನ ಆ ಸಭೆಯನ್ನು ಕೇಳಬೇಕೆಂಬ ನಿಯಮ 1923ರಲ್ಲಿ ಬಂತು. ಸಂವಿಧಾನ ಈ ಗಂಟನ್ನು ಬಿಡಿಸಿತು. ವಯಸ್ಕರೆಲ್ಲರಿಗೂ ಮತ ಬಂತು. 1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳಿಂದ ಹೊರಬಂದು 300ಎ ವಿಧಿಯಲ್ಲಿ ನೆಲೆಗೊಂಡಿತು. 74ನೆಯ ತಿದ್ದುಪಡಿ ನಗರಸಭೆಗಳ ತೆರಿಗೆಗೆ ಸಂವಿಧಾನದ ಆಧಾರ ಒದಗಿಸಿತು. ಬಿಡಿಸಿದ ಎಳೆಗಳು ಮತ್ತೆ ಒಂದೆಡೆ ಸೇರಲಿಲ್ಲ. ಬೆಂಗಳೂರಿನಲ್ಲಿ 2000ದಿಂದ ಮನೆಯವರೇ ಸ್ವಯಂಘೋಷಣೆ ಮಾಡಿ ಆಸ್ತಿ ತೆರಿಗೆ ಕಟ್ಟುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಆ ತೆರಿಗೆಯ ಲೆಕ್ಕ ಕೇಳಲು ಚುನಾಯಿತ ಸದಸ್ಯರೇ ಇರಲಿಲ್ಲ. ಹಳ್ಳಿಗಳ ಸ್ಥಿತಿ ಕಾಗದದ ಮೇಲಾದರೂ ಮೇಲು, ಅಲ್ಲಿ ಗ್ರಾಮ ಪಂಚಾಯಿತಿಯ ಜಮಾಬಂದಿ, ಎಂದರೆ ವರ್ಷಕ್ಕೊಮ್ಮೆ ಜನರೆದುರು ಲೆಕ್ಕಪತ್ರ ಮತ್ತು ಕಾಮಗಾರಿಗಳ ತಪಾಸಣೆ, ಕರ್ನಾಟಕದ ನಿಯಮಗಳಲ್ಲಿದೆ. ನ್ಯಾಯದ ಎಳೆಯಂತೂ ಊರಿನಿಂದ ಪೂರ್ತಿ ಕಳಚಿಕೊಂಡಿದೆ: 2008ರ ಗ್ರಾಮ ನ್ಯಾಯಾಲಯಗಳ ಕಾಯಿದೆಯ ಪ್ರಕಾರ ನ್ಯಾಯಾಧಿಕಾರಿಯನ್ನು ಹೈಕೋರ್ಟಿನೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ನೇಮಿಸುತ್ತದೆ, ಮೇಲಿನ ಹಂತದಲ್ಲಿ, ನ್ಯಾಯಾಧೀಶರೂ ಅಲ್ಲದ, ಮಂತ್ರಿಯೂ ಅಲ್ಲದ ಇಬ್ಬರು ಗಣ್ಯರಿಗೆ ಸ್ಥಾನವಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ರದ್ದುಗೊಳಿಸಿತು.

ಆ ತೀರ್ಪು ಸರಿಯಾಗಿತ್ತೇ? ನ್ಯಾಯಾಂಗದ ಸ್ವಾತಂತ್ರ್ಯವನ್ನು ಬಯಸುವವರು ಹೌದೆನ್ನಬೇಕಾಗುತ್ತದೆ, ಆದರೆ ಲೆಕ್ಕ ಒಪ್ಪಿಸುವ ತತ್ತ್ವವನ್ನು ನಂಬುವವರೂ ಅವರೇ ಆಗಿದ್ದರೆ ಏನು ಹೇಳಬೇಕು? ಊರಿಗೆ ಉತ್ತರ ಹೇಳಬೇಕಾದ ನ್ಯಾಯಾಧೀಶನು ಊರಿನ ಬಲಾಢ್ಯರ ವಿರುದ್ಧ, ಊರೇ ಹೊರಗಿಟ್ಟವರ ಪರವಾಗಿ, ತೀರ್ಪು ಕೊಡಬಲ್ಲನೇ? ಬಾಡಿಗೆಯ ರೂಪದಲ್ಲಿ ಮನೆಯೊಡೆಯನ ಆಸ್ತಿ ತೆರಿಗೆಯ ಭಾರ ಹೊರುವವನಿಗೆ ಆ ತೆರಿಗೆಯ ದರ ಗೊತ್ತುಮಾಡುವಾಗ ಒಂದು ಮಾತು ಇರಬೇಕೇ, ಇರುವುದಾದರೆ ಅದನ್ನು ಯಾವ ಸಭೆಯಲ್ಲಿ ಆಡಬೇಕು? ಲೆಕ್ಕ ಕೊಡದವನ ಬಂಧುಗಳನ್ನೂ ಹೊರಗಿಟ್ಟ ನಿಯಮವನ್ನು ಇಂದಿನ ಕಾನೂನು ತಪ್ಪಿಲ್ಲದವನಿಗೆ ಶಿಕ್ಷೆಯೆಂದು ತಳ್ಳಿಹಾಕುವುದು ನಿಶ್ಚಯ. ಅದಿಲ್ಲದೆ ಬಾವಮೈದುನನನ್ನು ತಡೆಯುವ ಬಗೆ ಯಾವುದು?