ಹೊಣೆ ಹೊರುವ ನಾಯಕ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಯೋಜನೆ ಎಂದರೆ ಗಡುವಿರುವ ಕೆಲಸ. ಅದಕ್ಕಾಗಿ ಬೇರೆ ಬೇರೆ ಕಡೆಯವರು ಕೂಡುತ್ತಾರೆ. ಅವರನ್ನು ಒಂದು ತಂಡವಾಗಿಸುವುದು ಹೇಗೆ?

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನಾ ನಿರ್ದೇಶಕರು ಡಾ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ನಿಂತು ಹೊಣೆ ಹೊತ್ತವರು ಅಧ್ಯಕ್ಷ ಪ್ರೊ. ಸತೀಶ್ ಧವನ್. ದೋಷವನ್ನು ತಂಡವೇ ಹುಡುಕಿತು: ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟದಲ್ಲಿ ಸೋರಿಕೆ. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಅಂದು ಧವನ್ ಪತ್ರಕರ್ತರ ಮುಂದೆ ಕಲಾಂ ಅವರನ್ನೇ ಕಳುಹಿಸಿದರು.

ನಾನು ಹಾಗೆ ನಡೆದುಕೊಳ್ಳಲಿಲ್ಲ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಒಮ್ಮೆ ಕನ್ನಡ, ಉರ್ದು ಮಾಧ್ಯಮದ ಮಕ್ಕಳನ್ನು ಸೇರಿಸಿ ವಿಜ್ಞಾನ ಮಾದರಿ ಮಾಡಿಸಿದ್ದೆ. ಪ್ರದರ್ಶನದ ದಿನ ಅದು ಕೈಕೊಟ್ಟಿತು. ತೀರ್ಪುಗಾರರ ಎದುರಿಗೇ ವೈರು ಜೋಡಿಸಿದ ಹುಡುಗನತ್ತ ಬೆರಳು ತೋರಿಸಿದೆ. ಮರುವರ್ಷ ಅವನು ಹೆಸರು ಕೊಡಲಿಲ್ಲ. ಮಾದರಿಯನ್ನು ಮತ್ತೆ ಕಟ್ಟಿದೆವು. ಆ ಹುಡುಗ ಮಾತ್ರ ಮರಳಿ ಬರಲಿಲ್ಲ.

ಓದುಗರೇ, ನಾಳೆ ನೀವೂ ಒಂದು ತಂಡವನ್ನು ನಡೆಸುವಿರಿ. ಯಾರ ಕೆಲಸ ಯಾವುದೆಂದು ಮೊದಲೇ ತಿಳಿಸಿ. ತಪ್ಪನ್ನು ಒಳಗೆ ಕೂತು ಹುಡುಕಿ, ಹೊರಗೆ ಹೊಣೆಯನ್ನು ನೀವೇ ಹೊರಿ. ಹೊಗಳಿಕೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯಿರಿ.